ಬುತ್ತಿಯೊಳಗಿನ ಇದ್ದಿಲು

ಗಂಗಲಕ್ಷ್ಮಮ್ಮ ಹಿತ್ತಾಳೆ ಡಬ್ಬಿಯ ಮುಚ್ಚಳ ತೆಗೆದಳು. ತೆಗೆದವಳು ಒಲೆಯ ಮುಂದೆ ಹಾಗೆಯೇ ಕುಸಿದು ಕುಳಿತಳು. ಕೋಳಿ ಕೂಗುವ ಹೊತ್ತಿಗೆ ಎದ್ದು, ತೆಳ್ಳಗೆ ತಟ್ಟಿ, ತುಪ್ಪ ಸವರಿ, ಮಡಿಸಿಟ್ಟಿದ್ದ ಎರಡು ರಾಗಿರೊಟ್ಟಿಗಳು ಮಡಿಕೆ ಬಿಚ್ಚದೆ ಮರಳಿ ಬಂದಿದ್ದವು. ಪಕ್ಕದಲ್ಲಿದ್ದ ಹುಚ್ಚೆಳ್ಳಿನ ಚಟ್ನಿಯಲ್ಲಿ ಬೆರಳಾಡಿಸಿದ ಗುರುತೂ ಇರಲಿಲ್ಲ. ಇದು ಆರನೆಯ ದಿನ. ಆರು ದಿನ ಬುತ್ತಿ ಕಟ್ಟಿದ್ದಾಯಿತು, ಆರು ದಿನ ಅದೇ ಬುತ್ತಿ ಬಿಚ್ಚಿದ್ದಾಯಿತು...

ಆದರೆ ಅವಳು ಕುಸಿದು ಕುಳಿತದ್ದು ರೊಟ್ಟಿಯನ್ನು ಕಂಡಲ್ಲ. ರೊಟ್ಟಿಯ ಮೇಲೆ ಬೆಳಿಗ್ಗೆ ಅತ್ತೆ ಇಟ್ಟಿದ್ದ ಇದ್ದಿಲ ಚೂರು ಇವತ್ತೂ ಮಾಯವಾಗಿತ್ತು.

ಆ ಮನೆಯಲ್ಲಿ ತುಪ್ಪ ಸೋಕಿದ ಯಾವ ಅಡಿಗೆಯೂ ಇದ್ದಿಲಿಲ್ಲದೆ ಹೊಸಿಲು ದಾಟುವಂತಿರಲಿಲ್ಲ. ಪರಿಮಳಕ್ಕೆ ದಾರಿಯ ಗಾಳಿ-ದೆವ್ವ ಬೆನ್ನು ಹತ್ತುತ್ತದೆ, ಇದ್ದಿಲು ಕಂಡರೆ ಹಿಂದೆ ಸರಿಯುತ್ತದೆ ಎಂಬುದು ಅತ್ತೆ ಅಮ್ಮಯಮ್ಮನ ನಂಬಿಕೆ. ದಿನವೂ ತಾನೇ ಒಲೆಯಿಂದ ಒಂದು ಚೂರನ್ನು ಆರಿಸಿ, ನೀರಿನಲ್ಲಿ ಅದ್ದಿ, ಮೊಮ್ಮಗಳ ರೊಟ್ಟಿಯ ಮೇಲೆ ಇಡುವಳು. ಸವರಿದ ತುಪ್ಪದ ಹೊಳಪಿನ ಮೇಲೆ ಆ ಕಪ್ಪು ಚೂರನ್ನು ಕಂಡಾಗಲೆಲ್ಲ ಗಂಗಲಕ್ಷ್ಮಮ್ಮನ ಮೈ ಉರಿಯುತ್ತಿತ್ತು.

ಬಾಗಿಲಲ್ಲಿ ಏಳು ವರ್ಷದ ಮುತ್ಯಾಲು ಸಾರಿಸಿದ ನೆಲವನ್ನು ಹೆಬ್ಬೆರಳಿನಿಂದ ಕೆರೆಯುತ್ತ ನಿಂತಿದ್ದಳು.

"ಯಾಕೆ ತಿನ್ನಲಿಲ್ಲ?"

ಹೆಬ್ಬೆರಳು ಇನ್ನಷ್ಟು ಜೋರಾಗಿ ಕೆರೆಯಿತು.

"ನಿನ್ನನ್ನೇ ಕೇಳ್ತಿರೋದು. ಚಟ್ನಿ ಖಾರ ಆಗಿತ್ತಾ?"

"ಇಲ್ಲ."

"ರೊಟ್ಟಿ ಗಟ್ಟಿ ಆಗಿತ್ತಾ?"

"ಇಲ್ಲ."

"ಹೊಟ್ಟೆ ಹಸೀಲಿಲ್ವಾ?"

"ಹಸೀತು."

"ಮತ್ತೆ?"

"ಈಗ ತಿನ್ಲಾ ಅಮ್ಮ?"

ಅಳಬೇಕೋ ಬಾರಿಸಬೇಕೋ ತಾಯಿಗೆ ತಿಳಿಯಲಿಲ್ಲ. ಮಗು ಆಗಲೇ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಒಣಗಿದ ರೊಟ್ಟಿಯನ್ನು ಎರಡೂ ಕೈಯಲ್ಲಿ ಮುರಿದು ಗಬಗಬನೆ ತಿನ್ನತೊಡಗಿತ್ತು. ಉಗುರಿನ ಸಂದಿಯಲ್ಲೆಲ್ಲ ಕಪ್ಪು. ಪುಸ್ತಕದ ಚೀಲವನ್ನು ಮಾತ್ರ ಬಗಲಿನಿಂದ ಇಳಿಸಿರಲಿಲ್ಲ; ಒಂದು ವಾರದಿಂದ ಅದನ್ನು ಯಾರೂ ಮುಟ್ಟಲು ಬಿಡುತ್ತಿರಲಿಲ್ಲ.

"ಇದ್ಲು ಇತ್ತೇನೇ ಡಬ್ಬೀಲಿ?" ಜಗಲಿಯಿಂದ ಅಮ್ಮಯಮ್ಮನ ಧ್ವನಿ ಬಂತು.

"ಇರಲಿಲ್ಲ ಅತ್ತೆ."

"ನಾನು ಹೇಳಿದ್ನಲ್ಲ. ಅನ್ನ ಬಿಟ್ಟು ಇದ್ಲು ತಗೊಂಡು ಹೋಗೈತೆ ಅಂದ್ರೆ ಅದು ಸಾಮಾನ್ಯದ್ದಲ್ಲ. ಹುಣಸೆ ತೋಪು ದಾಟ್ಕೊಂಡು ಹೆಣ್ಣು ಮಗೂನ ಕಳಿಸಬ್ಯಾಡ ಅಂದೆ. ಕೇಳಿದ್ಯಾ? ಇನ್ನೊಂದು ದಿನ ಬುತ್ತಿ ಹಿಂಗೇ ವಾಪಸ್ ಬರಲಿ, ಇಸ್ಕೂಲಿಗೆ ಹೋಗೋ ಕಾಲು ಎಮ್ಮೆ ಹಿಂದೆ ಹೋಗ್ತವೆ. ಇದು ನನ್ನ ಮಾತು."

ಆಗಷ್ಟೇ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದ ಕೊಂಡಪ್ಪ ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ. "ಹಸಿದ್ರೆ ತಾನೇ ತಿಂತದೆ ಬಿಡ್ರಮ್ಮ" ಎಂದು ಕೊಟ್ಟಿಗೆಗೆ ನಡೆದುಬಿಟ್ಟ. ಈ ಇಬ್ಬರು ಹೆಂಗಸರ ನಡುವೆ ಬಾಯಿ ಬಿಡುವುದಕ್ಕಿಂತ ಎತ್ತುಗಳಿಗೆ ಹುಲ್ಲು ಹಾಕುವುದು ಅವನಿಗೆ ಸುಲಭ.

ಆವತಿಯ ಆಚೆಯ ಆ ಪುಟ್ಟ ಹಳ್ಳಿಯಿಂದ ಶಾಲೆಗೆ ಹೋಗುತ್ತಿದ್ದ ಒಂದೇ ಹೆಣ್ಣು ಮಗು ಮುತ್ಯಾಲು. ಅದಕ್ಕಾಗಿ ಗಂಗಲಕ್ಷ್ಮಮ್ಮ ಪಟ್ಟ ಪಾಡು ಅಷ್ಟಿಷ್ಟಲ್ಲ. ನಾಲ್ಕು ವರ್ಷದ ಹಿಂದೆ ಅವಳ ತವರಿನಿಂದ ಒಂದು ಕಾಗದ ಬಂದಿತ್ತು. ಓದುವವರಿಲ್ಲದೆ ಹನ್ನೊಂದು ದಿನ ಗೂಡಿನಲ್ಲೇ ಬಿದ್ದಿತ್ತು. ಹನ್ನೆರಡನೆಯ ದಿನ ದಾರಿಯಲ್ಲಿ ಹೋಗುತ್ತಿದ್ದ ಯಾರನ್ನೋ ಕರೆದು ಓದಿಸಿದರೆ... ತಾಯಿಗೆ ಕಾಯಿಲೆ, ಕೂಡಲೇ ಬಾ ಎಂದಿತ್ತು. ಅವಳು ಹೋದಾಗ ಮಣ್ಣೂ ಮುಗಿದಿತ್ತು. ಆ ದಿನವೇ ನಿಶ್ಚಯಿಸಿದ್ದಳು: ತನ್ನ ಮನೆಯ ಗೂಡಿನಲ್ಲಿ ಇನ್ನೊಂದು ಕಾಗದ ಮೂಕವಾಗಿ ಬಿದ್ದಿರಬಾರದು.

ಅಮ್ಮಯಮ್ಮ ಒಪ್ಪಿದ್ದು ಅರೆಮನಸ್ಸಿನಿಂದ. ಹತ್ತಿರದ ವಿಜಯಪುರದ ಸಂತೆಯಿಂದ ಸ್ಲೇಟು ತಂದ ದಿನವೇ ಕರಾರು ಹಾಕಿದ್ದಳು: "ಯುದ್ಧ ಬಂದ ಮ್ಯಾಲೆ ಸಿಲೇಟು ಸಿಗೋದೇ ಇಲ್ವಂತೆ. ಇದು ಒಡೆದ ದಿನ ಇಸ್ಕೂಲು ಮುಗೀತು ಅಂತ ತಿಳ್ಕೊ."

ಆ ಮನೆಯಲ್ಲಿ ಅಮ್ಮಯಮ್ಮನ ಮಾತನ್ನು ಮೀರಿದವರಿಲ್ಲ. ನಡುಮನೆಯ ಗೋಡೆಗೆ ಒರಗಿಸಿಟ್ಟಿದ್ದ ಹಲಸಿನ ಮಣೆಯನ್ನೇ ನೋಡಿ. ಗಂಡ ಬೈಲಪ್ಪ ಊಟಕ್ಕೆ ಕೂರುತ್ತಿದ್ದ ಮಣೆ ಅದು. ಅವನು ತೀರಿಹೋಗಿ ಒಂಬತ್ತು ವರ್ಷವಾದರೂ ಇನ್ನೊಬ್ಬರು ಅದರ ಮೇಲೆ ಕುಳಿತಿರಲಿಲ್ಲ. ಒರೆಸುವುದಕ್ಕೂ ಅಮ್ಮಯಮ್ಮ ಸೊಸೆಯ ಕೈಗೆ ಕೊಟ್ಟವಳಲ್ಲ.

ಗಂಗಲಕ್ಷ್ಮಮ್ಮ ಒಲೆಯ ಮುಂದೆ ಕುಳಿತು ಲೆಕ್ಕ ಹಾಕಿದಳು. ಮನೆಯಲ್ಲಿ ತಿನ್ನುವ ಮಗು ಶಾಲೆಯಲ್ಲಿ ಏಕೆ ತಿನ್ನುವುದಿಲ್ಲ? ಬೇರೆ ಮಕ್ಕಳು ಅವಲಕ್ಕಿ ತರುತ್ತಾರೆ, ಚಿತ್ರಾನ್ನ ತರುತ್ತಾರೆ. ತನ್ನ ಮಗಳು ಮುಚ್ಚಳ ತೆಗೆದರೆ ಕಾಣುವುದು ಮಸಿ! ನಾಲ್ವರು ನಕ್ಕಿರಬೇಕು, ಹುಡುಗಿ ನಾಚಿ ಇದ್ದಿಲನ್ನು ಎಸೆದು ಡಬ್ಬಿ ಮುಚ್ಚಿರಬೇಕು. ಇಷ್ಟು ಸ್ಪಷ್ಟವಾದದ್ದು ಆರು ದಿನ ತನಗೆ ಹೊಳೆಯಲಿಲ್ಲವಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಅತ್ತೆ ಇದ್ದಿಲು ಇಟ್ಟು ಹಿತ್ತಲಿಗೆ ಹೋದದ್ದೇ ತಡ, ಅವಳು ಅದನ್ನೆತ್ತಿ ಬೂದಿಯೊಳಗೆ ತೂರಿಸಿದಳು. ರೊಟ್ಟಿಯ ಮೇಲೆ ಒಂದು ಚೂರು ಬೆಲ್ಲ ಇಟ್ಟು ಮುಚ್ಚಳ ಹಾಕಿದಳು. "ಈವತ್ತು ನಾಚಿಕೆ ಪಡೋ ಹಂಗಿಲ್ಲ, ತಿನ್ನು" ಎಂದು ಮಗಳ ಕೆನ್ನೆ ಸವರಿ ಕಳಿಸಿದಳು. ಮಗು ಏನೂ ಅರ್ಥವಾಗದವಳಂತೆ ನೋಡಿ ಹೋಯಿತು. ಗಂಗಲಕ್ಷ್ಮಮ್ಮ ಆರು ದಿನದ ಮೇಲೆ ಮೊದಲ ಸಲ ನಿಟ್ಟುಸಿರುಬಿಟ್ಟಳು.

ಆ ಉಸಿರು ಮುಗಿಯುವಷ್ಟರಲ್ಲಿ ಅಂಗಳದಲ್ಲಿ ಪುಟ್ಟ ಹೆಜ್ಜೆಗಳ ಸದ್ದಾಯಿತು. ಮುತ್ಯಾಲು ಏದುಸಿರು ಬಿಡುತ್ತ ಹಿಂತಿರುಗಿ ಓಡಿ ಬಂದಿದ್ದಳು. ಕೈಯಲ್ಲಿ ತೆರೆದ ಡಬ್ಬಿ.

"ಅಮ್ಮಾ, ಇದ್ಲು ಇಟ್ಟಿಲ್ಲ ನೀನು!"

ಹಿತ್ತಲ ಬಾಗಿಲಲ್ಲಿ ಅಮ್ಮಯಮ್ಮ ನಿಂತಿದ್ದಳು.

ಎಲ್ಲವನ್ನೂ ಅವಳು ಕೇಳಿದ್ದಳು. ಒಲೆಯ ಬಳಿ ಬಂದು, ಬೂದಿ ಕೆದಕಿ, ಇನ್ನೂ ತೇವವಿದ್ದ ಇದ್ದಿಲನ್ನು ಹೊರತೆಗೆದಳು. ಬೈಗುಳ ಬರುತ್ತದೆಂದು ಗಂಗಲಕ್ಷ್ಮಮ್ಮ ಕಾದಳು. ಬಂದದ್ದು ಬೇರೆ.

"ಕೊಂಡನಿಗಿಂತ ಮುಂಚೆ ನನಗೊಬ್ಬ ಮಗ ಇದ್ದ. ಗೊತ್ತೇನೇ ನಿನಗೆ?"

"ಗೊತ್ತಿಲ್ಲ ಅತ್ತೆ..."

"ಯಾರಿಗೂ ಹೇಳಿಲ್ಲ. ಇವಳಷ್ಟೇ ವಯಸ್ಸು. ಹಬ್ಬದ ಮಾರನೆ ದಿನ ಹೊಲಕ್ಕೆ ಒಬ್ಬಟ್ಟಿನ ಬುತ್ತಿ ಕೊಟ್ಟು ಕಳಿಸಿದೆ. ಕೆಲಸದ ಗಡಿಬಿಡೀಲಿ ಇದ್ಲು ಇಡೋದು ಮರೆತೆ. ಸಂಜೆಗೆ ಜ್ವರ ಬಂತು. ಮೂರನೇ ದಿನಕ್ಕೆ ಮುಗೀತು." ಮುದುಕಿ ಇದ್ದಿಲನ್ನು ಸೆರಗಿನಿಂದ ಒರೆಸಿ ರೊಟ್ಟಿಯ ಮೇಲಿಟ್ಟಳು. "ನಾನು ಮರೆತೆ. ನೀನು ಬೇಕಂತಲೇ ತೆಗೆದೆ."

ಗಂಗಲಕ್ಷ್ಮಮ್ಮನಿಗೆ ಜ್ವರಕ್ಕೂ ಇದ್ದಿಲಿಗೂ ಏನು ಸಂಬಂಧ ಎಂದು ಕೇಳಬೇಕೆನಿಸಿತು; ಆ ಮುಖ ನೋಡಿ ಕೇಳಲಾಗಲಿಲ್ಲ. ಮಗು ಮಾತ್ರ ಇದ್ದಿಲು ಸಿಕ್ಕಿದ ಸಂತೋಷದಲ್ಲಿ ಡಬ್ಬಿ ಮುಚ್ಚಿಕೊಂಡು ಓಡಿತ್ತು. ನಾಚುವ ಮಗು ಇದ್ದಿಲನ್ನು ಬೇಡಿ ಬರುತ್ತದೆಯೇ? ಹಾಗಾದರೆ ತಿನ್ನುತ್ತಿದ್ದಾಳೆಯೇ... ಇದ್ದಿಲನ್ನು?

ಅಮ್ಮಯಮ್ಮ ಕೋಲು ತೆಗೆದುಕೊಂಡು ಅವರೆ ಹೊಲ ನೋಡಿ ಬರುವುದಾಗಿ ಹೊರಟುಹೋದಳು. ಗಂಗಲಕ್ಷ್ಮಮ್ಮ ಮುದ್ದೆ ಬೇಯಿಸಿ ಗಂಡನಿಗೆ ಮುಚ್ಚಿಟ್ಟು, ಸೊಪ್ಪಿಗೆಂದು ಕುಕ್ಕೆ ಹಿಡಿದು ಹೊರಟಳು. ಹುಣಸೆ ತೋಪು ದಾಟಿ, ಪಕ್ಕದೂರಿನ ಶಾಲೆಯ ಹಿಂಭಾಗಕ್ಕೆ ಬಂದಾಗ ಹೊತ್ತು ನೆತ್ತಿಗೇರಿತ್ತು. ಅಲ್ಲಿದ್ದ ಕತ್ತಾಳೆ ಸಾಲಿನ ಮರೆಗೆ ಸರಿದವಳು ಬೆಚ್ಚಿಬಿದ್ದಳು. ಆ ಮರೆಯಲ್ಲಿ ಆಗಲೇ ಒಬ್ಬರು ಕುಕ್ಕರಗಾಲಿನಲ್ಲಿ ಕುಳಿತಿದ್ದರು.

"ಅತ್ತೆ! ಅವರೆ ಹೊಲ ಅಂದ್ರಿ?"

"ನೀನು ಸೊಪ್ಪು ಅಂತ ಬಂದಿಲ್ವಾ? ತಲೆ ಬಗ್ಗಿಸೇ. ಗಾಳಿ ನಮ್ಮನ್ನ ಕಂಡ್ರೆ ಹೋಗ್ಬಿಡ್ತದೆ."

ಗಂಟೆ ಹೊಡೆಯಿತು. ಮಕ್ಕಳೆಲ್ಲ ಹೊಂಗೆಮರದ ಅಡಿ ಗುಂಪುಗೂಡಿ ಬುತ್ತಿ ಬಿಚ್ಚಿದರು. ಮುತ್ಯಾಲು ಒಬ್ಬಳೇ ಶಾಲೆಯ ಹಿಂದಿದ್ದ ಅಗಲವಾದ ಕಲ್ಲು ಚಪ್ಪಡಿಯ ಹತ್ತಿರ ಬಂದಳು. ಡಬ್ಬಿ ತೆರೆದಳು. ರೊಟ್ಟಿಯ ಕಡೆ ಒಮ್ಮೆ ನೋಡಿ ಉಗುಳು ನುಂಗಿಕೊಂಡಳು. ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡು, ಇದ್ದಿಲನ್ನು ಕೈಗೆ ತೆಗೆದುಕೊಂಡು, ಡಬ್ಬಿ ಮುಚ್ಚಿದಳು. ಆಮೇಲೆ ಚಪ್ಪಡಿಯ ಮೇಲೆ ಮಂಡಿಯೂರಿ, ನಾಲಿಗೆಯನ್ನು ತುಟಿಯ ಅಂಚಿಗೆ ಒತ್ತಿ...

"ಏನ್ ಮಾಡ್ತಾವಳೆ ಅದು?" ಅಮ್ಮಯಮ್ಮ ಸೊಸೆಯ ರಟ್ಟೆ ಹಿಡಿದು ಕೇಳಿದಳು.

"ಬರೀತಾವಳೆ ಅತ್ತೆ."

ಇಬ್ಬರೂ ಒಟ್ಟಿಗೆ ಎದ್ದುಬಂದುದನ್ನು ಕಂಡು ಮಗು ಕಪ್ಪಾದ ಕೈಗಳನ್ನು ಬೆನ್ನ ಹಿಂದೆ ಅಡಗಿಸಿತು. ಕೇಳುವ ಮೊದಲೇ ಅಳು ಬಂತು. ಒಂದು ವಾರ ಯಾರಿಗೂ ಮುಟ್ಟಲು ಬಿಡದ ಚೀಲವನ್ನು ತಾನೇ ತೆರೆದು, ಮರದ ಚೌಕಟ್ಟನ್ನೂ ಅದರೊಳಗಿನ ಸ್ಲೇಟಿನ ನಾಲ್ಕು ಚೂರುಗಳನ್ನೂ ಅಜ್ಜಿಯ ಕಾಲ ಬಳಿ ಇಟ್ಟಿತು.

"ತೋಪಿನ ಹತ್ರ ಎಡವಿ ಬಿದ್ದೆ... ಸಿಲೇಟು ಒಡೆದ್ರೆ ಇಸ್ಕೂಲು ಮುಗೀತು ಅಂತ ಅಜ್ಜಿ ಅಂದಿತ್ತಲ್ಲ, ಅದಕ್ಕೆ ಹೇಳಲಿಲ್ಲ. ಲೆಕ್ಕ ಬರೆದು ತೋರಿಸದಿದ್ರೆ ಹೆಸರು ಹೊಡೆದು ಹಾಕ್ತೀನಿ ಅಂದ್ರು ಮೇಷ್ಟ್ರು. ಕಲ್ಲಿನ ಮ್ಯಾಲೆ ಬರೆದು ತೋರಿಸ್ಲಾ ಅಂದೆ. ಹೂಂ ಅಂದ್ರು. ಬಳಪ ಕಲ್ಲಿನ ಮ್ಯಾಲೆ ಕಾಣಲ್ಲ ಅಮ್ಮ. ಇದ್ಲು ಕಾಣ್ತದೆ."

"ಊಟ ಮಾಡಿ ಬರೀಬಾರದಾಗಿತ್ತೇನೇ?"

"ಊಟ ಮಾಡೋಷ್ಟ್ರಲ್ಲಿ ಗಂಟೆ ಹೊಡೀತಾರೆ."

ಅಮ್ಮಯಮ್ಮ ಬಗ್ಗಿ ಚಪ್ಪಡಿಯ ಮೇಲಿನ ಕಪ್ಪು ಗೀರುಗಳನ್ನು ದಿಟ್ಟಿಸುತ್ತಿದ್ದಳು. ಒಂದು ಗೀರಿನ ಮೇಲೆ ಬೆರಳಿಟ್ಟು ಕೇಳಿದಳು: "ಇದ್ರಾಗೆ ನನ್ನ ಹೆಸರು ಐತಾ?"

"ಇಲ್ಲ ಅಜ್ಜಿ. ಏಳರ ಮಗ್ಗಿ."

"ಬರೀ ಮಗ್ಗಿಗೆ ಒಂದು ವಾರ ಉಪವಾಸನಾ?"

"ಏಳರದು ಕಷ್ಟ ಅಜ್ಜಿ."

ಮುದುಕಿ ಒಡೆದ ಚೂರುಗಳನ್ನು ಒಂದೊಂದಾಗಿ ಮಡಿಲಿಗೆ ಹಾಕಿಕೊಂಡು, ಕೋಲೂರುತ್ತ, ಹಿಂತಿರುಗಿ ನೋಡದೆ ಊರ ದಾರಿ ಹಿಡಿದಳು. ಗಂಗಲಕ್ಷ್ಮಮ್ಮನಿಗೆ ಎಲ್ಲವೂ ಮುಗಿದಂತೆ ತೋರಿತು. ಸ್ಲೇಟು ಒಡೆದಿದೆ, ಕರಾರು ಕರಾರೇ. ಅತ್ತೆ ಆಡಿದ ಮಾತನ್ನು ಎಂದಾದರೂ ಹಿಂತೆಗೆದುಕೊಂಡದ್ದುಂಟೇ? ಮಗಳ ಬಾಯಿಗೆ ತಾನೇ ತುತ್ತಿಟ್ಟು, ಒಳಗೆ ಕಳಿಸಿ, ಬರಿಯ ಕುಕ್ಕೆ ಹೊತ್ತು ಮನೆಗೆ ನಡೆದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಕಾಲು ಹಿಡಿಯುವುದು, ಬೇಡುವುದು, ಆಗದಿದ್ದರೆ ಜೀವಮಾನದಲ್ಲಿ ಒಂದು ಸಲ ಎದುರು ನಿಲ್ಲುವುದು...

ನಡುಮನೆಗೆ ಕಾಲಿಟ್ಟವಳು ಗಕ್ಕನೆ ನಿಂತಳು. ಗೋಡೆಯ ಪಕ್ಕದಲ್ಲಿ ಮಾವನ ಮಣೆ ಇರಲಿಲ್ಲ.

ಹಿತ್ತಲಿನಿಂದ ಗುಂಡುಕಲ್ಲಿನ ಸದ್ದು ಬರುತ್ತಿತ್ತು. ಓಡಿ ಹೋಗಿ ನೋಡಿದರೆ, ಅಮ್ಮಯಮ್ಮ ಒರಳಿನ ಮುಂದೆ ಕುಳಿತು, ಗರಗದ ಸೊಪ್ಪಿನ ರಸ ಹಿಂಡಿ ಇದ್ದಿಲು ಅರೆಯುತ್ತಿದ್ದಳು. ಕೈ ಮೊಣಕೈವರೆಗೆ ಕಪ್ಪು. ಪಕ್ಕದಲ್ಲಿ ಹಲಸಿನ ಮಣೆ, ಅರ್ಧ ಹೊನ್ನಿನ ಬಣ್ಣ, ಅರ್ಧ ಆಗಲೇ ಮಸಿ.

"ಅತ್ತೆ, ಅದು ಮಾವಯ್ಯನ ಮಣೆ..."

"ಗೊತ್ತು. ನನಗೆ ಕಣ್ಣು ಕಾಣ್ತದೆ. ನಮ್ಮಪ್ಪನ ಕಾಲದಲ್ಲಿ ಹಿಂಗೇ ಕರಿ ಹಲಗೆ ಮಾಡಿ ಹುಡುಗ್ರಿಗೆ ಕೊಡ್ತಿದ್ರು. ಮೂರು ಸಲ ಬಳಿದು ಒಣಗಿಸಿದ್ರೆ ಬಳಪ ಚೆನ್ನಾಗಿ ಹಿಡೀತದೆ."

"ಅವರ ನೆನಪು ಅಂತ ಇಟ್ಕೊಂಡಿದ್ರಿ."

"ಇದ್ರ ಮ್ಯಾಲೆ ಕೂತು ಅವರು ಮಾಡಿದ್ದು ಇನ್ನೇನು? ಉಪ್ಪಿಲ್ಲ, ಖಾರ ಅಂತ ನನ್ನ ಸಾರಿಗೆ ಹೆಸರಿಟ್ಟಿದ್ದು. ಮೊಮ್ಮಗಳು ಮಗ್ಗಿನಾದ್ರೂ ಬರೀಲಿ." ಮುದುಕಿಯ ಕೈ ನಿಂತಿತು. ಧ್ವನಿ ಇಳಿಯಿತು. "ಗಂಗೀ... ಕಾಯಲಿ ಅಂತ ಇಟ್ಟೆ ಕಣೆ ಆ ಇದ್ಲು. ಒಂದು ವಾರ ಅದೇ ಮಗೀನ ಹೊಟ್ಟೆಗೆ ಅಡ್ಡ ಬಂತಲ್ಲ."

ಗಂಗಲಕ್ಷ್ಮಮ್ಮ ಅತ್ತೆಯ ಎದುರು ಕುಳಿತು ಗುಂಡುಕಲ್ಲನ್ನು ತನ್ನ ಕೈಗೆ ತೆಗೆದುಕೊಂಡಳು. ದಾರಿಯಲ್ಲಿ ಜೋಡಿಸಿದ ಮಾತುಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ.

"ಕಾದೈತೆ ಅತ್ತೆ. ಆ ಇದ್ಲು ಇಲ್ದಿದ್ರೆ ಒಡೆದ ದಿನವೇ ಹೆಸರು ಹೋಗಿರೋದು."

ಅಮ್ಮಯಮ್ಮ ಕಪ್ಪು ಕೈಯಿಂದಲೇ ಕಣ್ಣೊರೆಸಿಕೊಂಡಳು. ಆ ಸಂಜೆ ಕೊಟ್ಟಿಗೆಯಿಂದ ಬಂದ ಕೊಂಡಪ್ಪ ತಾಯಿಯ ಮಸಿ ಮುಖವನ್ನೂ ಹೆಂಡತಿಯ ಮಸಿ ಕೈಯನ್ನೂ ನೋಡಿ, ಏನೂ ಕೇಳದೆ ಮತ್ತೆ ಕೊಟ್ಟಿಗೆಗೇ ಹೋದ.

ಹಲಗೆ ಮೂರು ಬಿಸಿಲು ಕಂಡು ಸಿದ್ಧವಾಯಿತು. ಹೊರುವವರು ಯಾರು ಎಂಬ ಪ್ರಶ್ನೆ ಎದ್ದಾಗ ಅಮ್ಮಯಮ್ಮ ಸಿಂಬಿ ಸುತ್ತಿ ಅದನ್ನು ತಲೆಯ ಮೇಲೇರಿಸಿಕೊಂಡಳು. "ನೀನು ಕಳೆ ಕೀಳೋಕೆ ಹೋಗೋಳು. ನನಗೇನು ಕೆಲಸ? ತೋಪಿನಾಗೆ ಮಗೂಗೆ ಜೊತೆಯೂ ಆಯ್ತು." ಬುತ್ತಿಯ ಮೇಲೆ ಇದ್ದಿಲ ಚೂರನ್ನಿಡುವುದನ್ನು ಮಾತ್ರ ಮರೆಯಲಿಲ್ಲ. ಸೊಸೆಯೂ ತಡೆಯಲಿಲ್ಲ.

ಸಂಜೆ ಅಜ್ಜಿ ಮೊಮ್ಮಗಳು ಮರಳಿದರು. ಮೇಷ್ಟ್ರು ಬಹಳ ಬೇಗ ಬೇಗ ಓದುತ್ತಾರೆಂದೂ, ತಾನು ನಿಧಾನವಾಗಿ ಓದಲು ಹೇಳಿಬಂದೆನೆಂದೂ ದಿನವಿಡೀ ಶಾಲೆಯ ಜಗಲಿಯಲ್ಲಿ ಕುಳಿತು ಬಂದ ಅಮ್ಮಯಮ್ಮ ವರದಿ ಒಪ್ಪಿಸಿದಳು. ಗಂಗಲಕ್ಷ್ಮಮ್ಮನಿಗೆ ಮೇಷ್ಟ್ರ ಗತಿ ನೆನೆದು ತಲೆ ಚಚ್ಚಿಕೊಳ್ಳಬೇಕೆನಿಸಿತು. ಅವಸರದಿಂದ ಡಬ್ಬಿಯ ಮುಚ್ಚಳ ತೆಗೆದಳು.

ರೊಟ್ಟಿ ಇರಲಿಲ್ಲ. ಚಟ್ನಿಯನ್ನು ಬೆರಳಿನಿಂದ ಬಳಿದು ನೆಕ್ಕಿದ ಗೆರೆಗಳಿದ್ದವು. ತಳದಲ್ಲಿ ಇದ್ದಿಲ ಚೂರು ಇಟ್ಟ ಹಾಗೆಯೇ ಇತ್ತು.

"ಅಮ್ಮ, ರೊಟ್ಟಿ ಗಟ್ಟಿ ಆಗಿತ್ತು" ಎಂದಳು ಮುತ್ಯಾಲು. "ಚಟ್ನೀನೂ ಖಾರ."

"ತಾತನ ಬುದ್ಧಿ ಬಂದೈತೆ. ಮಣೆ ಗುಣ" ಎಂದಳು ಅಮ್ಮಯಮ್ಮ.

ಗಂಗಲಕ್ಷ್ಮಮ್ಮ ಮಗಳ ಕಡೆ ಕಣ್ಣು ಬಿಟ್ಟಳು. ಬಾಯಿಗೆ ಬಂದ ಗದರಿಕೆ ಅರ್ಧಕ್ಕೇ ಕರಗಿ, ಮುಖವನ್ನು ಒಲೆಯ ಕಡೆಗೆ ತಿರುಗಿಸಿಕೊಳ್ಳಬೇಕಾಯಿತು. ಸ್ವಲ್ಪ ಹೊತ್ತಿನ ಮೇಲೆ ಆ ಇದ್ದಿಲ ಚೂರನ್ನು ಎತ್ತಿ, ಸೆರಗಿನಿಂದ ಒರೆಸಿ, ಹಿಂದೊಮ್ಮೆ ಹನ್ನೊಂದು ದಿನ ಕಾಗದ ಬಿದ್ದಿದ್ದ ಗೂಡಿನಲ್ಲಿ ನಾಳೆಗೆಂದು ಇಟ್ಟಳು.