ಪಿಂಕಿಯ ಎಲುಬಿಗಾಗಿ ನಡೆದ ಜಗಳ

"ನೀವು ಪುಡಿ ಕುಡಿಸೂದಿಲ್ಲ. ಅಷ್ಟ ಮಾತು. ನನ್ನ ಮುಂದ ಸುಳ್ಳು ಹೇಳಬ್ಯಾಡ್ರಿ."

ಆಸ್ಪತ್ರೆಯ ಕಾರಿಡಾರಿನಲ್ಲಿ ಭಾಗ್ಯಶ್ರೀ ಕೊಟ್ಟ ಸ್ವಾಗತ ಇದು. ಎದುರಿಗಿದ್ದ ಕಾಶಿನಾಥ ಇನ್ನೂ ಹೆಲ್ಮೆಟ್ ತೆಗೆದಿರಲಿಲ್ಲ.

"ನಾ ದಿನಾ ಕುಡಿಸ್ತೀನಿ. ನಿಮ್ಮ ವಾರದಾಗ ಏನ್ ನಡೀತೈತೋ ನಿಮಗ ಗೊತ್ತು."

ಹೆಲ್ಮೆಟ್ಟಿನೊಳಗಿಂದ ಬರುವ ಮಾತಿಗೆ ಒಂದು ಗಾಂಭೀರ್ಯವಿರುತ್ತದೆ. ಅದು ಅವಳನ್ನು ಇನ್ನಷ್ಟು ಕೆರಳಿಸಿತು.

"ಮೊದಲು ಅದನ್ನ ತೆಗೀರಿ. ಜಗಳ ಆಡೋರ ಮುಖ ಕಾಣ್ಬೇಕು."

ಅವನು ಹೆಲ್ಮೆಟ್ ತೆಗೆದ. ಇಬ್ಬರ ನಡುವೆ ಗಾಲಿಕುರ್ಚಿಯಲ್ಲಿ ಪಿಂಕಿ ಕೂತಿದ್ದಳು, ಕಾಲಿಗೆ ಪ್ಲಾಸ್ಟರ್, ಬಾಯಲ್ಲಿ ಬಿಸ್ಕೀಟು. ಅವಳು ಭಾಗ್ಯಶ್ರೀಯ ತೀರಿಹೋದ ಅಕ್ಕ ಸುವರ್ಣಾಳ ಮಗಳು. ಕಾಶಿನಾಥನಿಗೆ ಅಣ್ಣನ ಮಗಳು. ಆ ಅಣ್ಣ ಸೌದಿಯಲ್ಲಿ ಕ್ರೇನ್ ನಡೆಸುತ್ತಿದ್ದ. ಹಾಗಾಗಿ ಹುಡುಗಿಯನ್ನು ಹಬ್ಬದ ಹೋಳಿಗೆಯಂತೆ ಎರಡು ಮನೆಗೆ ಹಂಚಲಾಗಿತ್ತು. ಒಂದು ವಾರ ಕೂಕಟ್‌ಪಲ್ಲಿಯಲ್ಲಿ ಕಾಕಾ ಮತ್ತು ಅಜ್ಜಿ ಗುಂಡಮ್ಮನ ಹತ್ತಿರ, ಮುಂದಿನ ವಾರ ಜೀಡಿಮೆಟ್ಲಾದಲ್ಲಿ ಚಿಗವ್ವ ಭಾಗ್ಯಶ್ರೀಯ ಬಾಡಿಗೆ ಕೋಣೆಯಲ್ಲಿ.

ಪಿಂಕಿಯ ಎಲುಬುಗಳಲ್ಲಿ ಅಲ್ಲಲ್ಲಿ ಎಲುಬಿನ ಬದಲು ನಾರಿನಂಥದ್ದು ಬೆಳೆದಿತ್ತು. ಫೈಬ್ರಸ್ ಡಿಸ್‌ಪ್ಲೇಸಿಯಾ ಎಂದು ಅದರ ಹೆಸರು. ಸಾಲದ್ದಕ್ಕೆ ರಕ್ತದಲ್ಲಿನ ಫಾಸ್ಫೇಟ್ ಮೂತ್ರದಲ್ಲಿ ಸೋರಿಹೋಗುತ್ತಿತ್ತು. ಅದಿಲ್ಲದೆ ಉಳಿದ ಎಲುಬೂ ಗಟ್ಟಿಯಾಗದು. ಒಂದು ತೊಡೆಯೆಲುಬು ಕುಡುಗೋಲಿನಂತೆ ಬಾಗಿತ್ತು. ಅದರೊಳಗೆ ಸರಳು ಕೂರಿಸುವ ಆಪರೇಷನ್ ಆಗಬೇಕು, ಆದರೆ ಎಲುಬು ಗಟ್ಟಿಯಾಗುವ ಲಕ್ಷಣ ಕಾಣುವವರೆಗೆ ಡಾಕ್ಟರು ಕೈಹಾಕುವುದಿಲ್ಲ.

ಫಾಸ್ಫೇಟ್ ಪುಡಿ ಶುರುವಾಗಿ ಚಳಿಗಾಲ ಕಳೆದರೂ ರಕ್ತದ ರಿಪೋರ್ಟಿನ ಅಂಕಿ ಏರಲಿಲ್ಲ. ಮೊನ್ನೆ ಕೂಕಟ್‌ಪಲ್ಲಿಯ ಹೊಸ್ತಿಲು ದಾಟುವಾಗ ಮೊಣಕಾಲ ಕೆಳಗೂ ಬಿರುಕು ಬಿಟ್ಟಿತು.

"ನನ್ನ ಅಕ್ಕನ್ನ ನುಂಗಿದ್ರಿ. ಈಕಿನ್ನ ನುಂಗಾಕ ಬಿಡೂದಿಲ್ಲ. ಇವತ್ತ ಡಾಕ್ಟರಮ್ಮಗ ಹೇಳಿ ನಾನ ಕರ್ಕೊಂಡು ಹೋಗ್ತೀನಿ. ಮತ್ತ ನಿಮ್ಮ ಮನಿಗೆ ಕಳಿಸೂದಿಲ್ಲ."

ಕಾಶಿನಾಥನ ಮುಖ ಕಪ್ಪಿಟ್ಟಿತು. "ಔಷಧ ಕಂಪನ್ಯಾಗ ಡಬ್ಬಿ ಪ್ಯಾಕ್ ಮಾಡಿದ್ರ ಡಾಕ್ಟರ್ ಆಗೂದಿಲ್ರಿ."

"ಲಿಫ್ಟ್ ರಿಪೇರಿ ಮಾಡಾವ್ರಿಗೆ ಮ್ಯಾಲ ಏರಿಸೂದು ಗೊತ್ತಿರ್ತೈತಿ ಅನ್ಕೊಂಡಿದ್ದೆ. ರಿಪೋರ್ಟ್ ಮಾತ್ರ ಕೆಳಗ ಕುಂತೈತಿ."

ಹೀಗನ್ನುವಾಗಲೇ ಅವನ ಕಣ್ಣು ಕೆಂಪಗೆ ಊದಿರುವುದು ಅವಳಿಗೆ ಕಂಡಿತು.

'ನಿದ್ದಿ ಮಾಡಿಲ್ಲ ಅನ್ನಸ್ತೈತಿ... ಇರಲಿ. ಅನುಭವಿಸಲಿ.'

ಅಕ್ಕನ ಕಾಮಾಲೆಗೆ ಆ ಮನೆಯವರು ನಾಟಿ ಔಷಧಿ ಹಾಕಿಸುತ್ತ ಆಸ್ಪತ್ರೆಗೆ ತಡಮಾಡಿದರು ಎಂಬುದು ಅವಳ ಸಿಟ್ಟು. ಆಮೇಲೆ ಯಾದಗಿರಿಯ ಹಿರಿಯರು, ಇಂಥ ಹೊತ್ತಿನಲ್ಲಿ ಹಿರಿಯರಿಗೆ ಹೊಳೆಯುವ ಏಕೈಕ ಉಪಾಯವೆಂಬಂತೆ, ಇವರಿಬ್ಬರ ಮದುವೆಯ ಮಾತೆತ್ತಿದ್ದರು. "ಆ ಮನಿಗೆ ಒಬ್ಬಾಕಿನ್ನ ಕೊಟ್ಟಿದ್ದು ಸಾಕು" ಎಂದು ಭಾಗ್ಯಶ್ರೀ ಎಲ್ಲರೂ ಊಟಕ್ಕೆ ಕೂತಿದ್ದಾಗಲೇ ಹೇಳಿದ್ದಳು. "ನನಗೂ ಬ್ಯಾಡ" ಎಂದು ಕಾಶಿನಾಥ ಇನ್ನೊಂದು ರೊಟ್ಟಿ ಹಾಕಿಸಿಕೊಂಡಿದ್ದ.

ಬೇಡವೆಂದದ್ದನ್ನು ಅವಳು ಹೇಗೋ ಸಹಿಸಿಕೊಂಡಳು. ಆ ರೊಟ್ಟಿಯನ್ನು ಕ್ಷಮಿಸಿರಲಿಲ್ಲ.

ಡಾಕ್ಟರ್ ಸುಮತಿ ಮೈಸೂರು ಕಡೆಯವರು. ಒಳಗೆ ಕರೆದು, ರಿಪೋರ್ಟು ನೋಡಿ, ಇಬ್ಬರನ್ನೂ ನೋಡಿದರು.

"ಪುಡಿ ಹೇಗೆ ಕೊಡ್ತಿದ್ದೀರಿ?"

"ತಪ್ಪದ ಕೊಡ್ತೀನ್ರಿ," ಎಂದರು ಇಬ್ಬರೂ ಒಟ್ಟಿಗೆ. ಅವರು ಒಂದೇ ಹೊತ್ತಿಗೆ ಒಂದೇ ಮಾತನ್ನು ಆಡಿದ್ದು ಅದೇ ಮೊದಲು.

"ಹೇಗೆ ಅಂತ ಕೇಳ್ದೆ."

ಪಿಂಕಿ ಬಿಸ್ಕೀಟು ನುಂಗಿದಳು.

"ಕಾಕಾ ಹಾಲಾಗ ಕಲಸಿ ಕೊಡ್ತಾನ. ಚಿಗವ್ವಗ ಹೇಳಬ್ಯಾಡ ಅಂದಾನ."

"ನೋಡಿದ್ರ್ಯಾ ಡಾಕ್ಟರಮ್ಮ, ಕಳ್ಳತನ..." ಭಾಗ್ಯಶ್ರೀ ಶುರುಮಾಡಿದಳು.

"ಚಿಗವ್ವ ಭಿ ಹಾಲಾಗ ಕೊಡ್ತಾಳ. ಕಾಕಾಗ ಹೇಳಬ್ಯಾಡ ಅಂದಾಳ."

ಡಾಕ್ಟರು ಕನ್ನಡಕ ತೆಗೆದಿಟ್ಟರು. "ಹಾಲು ಒಳ್ಳೇದೇ, ಬೇರೆ ಹೊತ್ತಿಗೆ. ಪುಡಿ ಜೊತೆ ಕೊಟ್ರೆ ಹಾಲಿನ ಕ್ಯಾಲ್ಸಿಯಂ ಆ ಫಾಸ್ಫೇಟನ್ನ ಹೊಟ್ಟೇಲೇ ಹಿಡ್ಕೊಂಡುಬಿಡುತ್ತೆ. ರಕ್ತಕ್ಕೆ ಸೇರೋದೇ ಇಲ್ಲ. ನೀರಲ್ಲಿ ಕೊಡಿ ಅಂತ ಹೇಳಿದ್ನಲ್ಲ?"

"ಯಾವಾಗ್ರಿ?" ಎಂದ ಕಾಶಿನಾಥ.

"ಮಗು ಚೀಲ ಯಾರು ಹಿಡೀಬೇಕು ಅಂತ ನೀವು ಕಿತ್ತಾಡ್ತಿದ್ದಾಗ."

ಭಾಗ್ಯಶ್ರೀ ಪಿಂಕಿಯ ಪ್ಲಾಸ್ಟರಿನ ಮೇಲೆ ಕೈಯಿಟ್ಟಳು. 'ನನ್ನ ಕೈಯಿಂದನ... ದಿನಾ ಮುದ್ದು ಮಾಡಿ, ನಾನ ಕೆಡಿಸಿದ್ನಲ್ಲ...'

"ಆ ನಾರಿನ ಭಾಗ ಹೋಗೋ ಔಷಧಿ ನನ್ನ ಹತ್ರ ಇಲ್ಲ," ಎಂದರು ಡಾಕ್ಟರು. "ಉಳಿದ ಎಲುಬು ಗಟ್ಟಿಯಾಗೋಕೆ ಪ್ರಯತ್ನ ಮಾಡ್ಬಹುದು. ಹಗಲಲ್ಲಿ ಹಂಚಿ ಹಂಚಿ ಕೊಡ್ಬೇಕು, ನೀರಲ್ಲೇ. ಈ ವಾರ ಇಲ್ಲಿ, ಆ ವಾರ ಅಲ್ಲಿ ಆಗಲ್ಲ. ಒಂದೇ ಮನೆ. ಯಾವ ಮನೆ ಅಂತ ಹೊರಗೆ ಹೋಗಿ ತೀರ್ಮಾನ ಮಾಡಿ."

ನರ್ಸು ಪಿಂಕಿಯನ್ನು ರಕ್ತಪರೀಕ್ಷೆಗೆ ಕರೆದೊಯ್ದಳು. ಹೊರಗಿನ ಬೆಂಚಿನಲ್ಲಿ ಇವರಿಬ್ಬರೂ ಮಧ್ಯೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು.

"ಹಾಲಾಗ ಯಾಕ ಹಾಕಿದ್ರಿ?" ಅವಳೇ ಕೇಳಿದಳು.

"ನೀರಾಗ ಕೊಟ್ರ ಉಗುಳ್ತಿದ್ಲು. ಚಿಗವ್ವ ಕೊಟ್ರ ಕುಡೀತೀನಿ ಅಂತಿದ್ಲು. ಹೊಟ್ಟಿ ಉರೀತಿತ್ತು ನನಗ."

ಭಾಗ್ಯಶ್ರೀ ಅವನ ಕಡೆ ತಿರುಗಿದಳು. "ನನಗ ಕಾಕಾ ಕೊಟ್ರ ಕುಡೀತೀನಿ ಅಂತಿದ್ಲು."

ಇಬ್ಬರಿಗೂ ನಗು ಬರಬೇಕಿತ್ತು. ಅವಳಿಗೆ ಅಳು ಬಂತು. ಕಾಶಿನಾಥ ಕರವಸ್ತ್ರಕ್ಕೆ ಜೇಬು ತಡಕಿದ. ಸಿಕ್ಕಿದ್ದು ಗ್ರೀಸು ಹತ್ತಿದ ಬಟ್ಟೆ, ಅದನ್ನು ಮತ್ತೆ ಒಳಗಿಟ್ಟ.

"ಕರ್ಕೊಂಡು ಹೋಗ್ರಿ," ಎಂದ. "ನಾ ಅಡ್ಡ ಬರೂದಿಲ್ಲ."

ಬೆಳಗಿನಿಂದ ಹಲ್ಲು ಕಚ್ಚಿ ಕೇಳಿದ್ದು ಕೈಗೇ ಬಂದಿತ್ತು. ಅವಳಿಗೆ ಅದು ರುಚಿಸಲಿಲ್ಲ.

"ನಾ ಡ್ಯೂಟಿಗೆ ಹೋದ್ರ ಮಧ್ಯಾಹ್ನ ಕೊಡಾವ್ರ್ಯಾರು? ನಿಮ್ಮ ಅವ್ವ ಮನ್ಯಾಗ ಇರ್ತಾರ. ಪಿಂಕಿ ಅಲ್ಲೇ ಇರಲಿ." ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು. "ನಾ ಐತವಾರ ಬಂದು ನೋಡ್ಕೊಂಡು ಹೋಗ್ತೀನಿ."

"ಐತವಾರ ಸಾಲೂದಿಲ್ಲ."

"ಆಕಿಗಾ?"

"ಆಕಿಗೂ."

ಕಾರಿಡಾರಿನಲ್ಲಿ ಯಾರೋ ತೆಲುಗಿನಲ್ಲಿ ಟೋಕನ್ ನಂಬರ್ ಕೂಗಿದರು. ಭಾಗ್ಯಶ್ರೀ ಅತ್ತ ತಿರುಗಿಯೂ ನೋಡಲಿಲ್ಲ.

"ಅವತ್ತ ಎಲ್ಲಾರ ಮುಂದ ಬ್ಯಾಡ ಅಂದಾವ್ರು ನೀವು."

"ಮೊದಲು ಅಂದಾವ್ರು ನೀವು. ಆಮ್ಯಾಲ ನಾ ಏನ್ ಅನ್ಬೇಕಿತ್ತು? ಹಾಕಿಸ್ಕೊಂಡ ರೊಟ್ಟಿ ನುಂಗಾಕ ಆಗ್ಲಿಲ್ಲ, ಎದ್ದು ಹೋಗಾಕೂ ಆಗ್ಲಿಲ್ಲ." ಅವನು ನೆಲ ನೋಡುತ್ತಲೇ ಮುಂದುವರಿಸಿದ. "ಅತ್ತಿಗಿನ್ನ ಆಸ್ಪತ್ರಿಗೆ ಹೊತ್ಕೊಂಡು ಹೋದಾಂವ ನಾನ. ತಡಾ ಆಗಿತ್ತು. ಅದು ನಿಮಗಷ್ಟ ಅಲ್ಲ, ನನಗೂ ಗೊತ್ತೈತಿ."

ಇದನ್ನು ಅವನು ಹಿಂದೆಂದೂ ಹೇಳಿರಲಿಲ್ಲ. ಅವಳೂ ಹೇಳಲು ಬಿಟ್ಟಿರಲಿಲ್ಲ.

ಅವಳು ನಡುವಿನ ಖಾಲಿ ಜಾಗಕ್ಕೆ ಸರಿದಳು.

"ಅವತ್ತ ಅನ್ನೂದನ್ನ ಈಗ ಅನ್ರಿ."

"ನೀವು ಬೇಕು. ಪುಡಿ ಕುಡಿಸಾಕ ಅಲ್ಲ. ನನಗ ಬೇಕು."

"ಅಕ್ಕನ ಸಿಟ್ಟು ನನ್ನೊಳಗ ಇನ್ನೂ ಐತಿ. ಹೋಗೂದಿಲ್ಲ ಅದು."

"ಇರಲಿ," ಎಂದ ಕಾಶಿನಾಥ. "ಅದನ್ನೂ ಕರ್ಕೊಂಡು ಬರ್ರಿ."