ಚರ್ಚ್ ಓಣಿಯ ಬಿಳಿ ದೆವ್ವ

ಕೆಝಯಾ ಹಾರ್ನ್ ನಮ್ಮ ಬಾಗಿಲಿಗೆ ಬಂದಾಗ ಅವಳ ಒಂದು ಕಡೆ ಅಣ್ಣನ ಹೆಣವಿತ್ತು, ಇನ್ನೊಂದು ಕಡೆ ಗಂಡನ ಕೊರಳಿಗೆ ಕಾದಿದ್ದ ಹಗ್ಗ. ಹಿಂದಿನ ಸಂಜೆ ಮಂಜು ಕವಿದ ಚರ್ಚ್ ಓಣಿಯಲ್ಲಿ ಅವಳ ಗಂಡ ಗಿಡಿಯನ್ ದೆವ್ವವೆಂದು ಗುಂಡು ಹಾರಿಸಿದ್ದ. ಸತ್ತು ಬಿದ್ದವನು ಅವಳ ಅಣ್ಣ, ಹಿಟ್ಟಿನ ಗಿರಣಿಯ ಆಂಬ್ರೋಸ್.

ನನ್ನ ಅಣ್ಣ ಜೋಸಯಾ ಥ್ರೇಲ್ ಲಂಡನ್ನಿನಲ್ಲಿ ಕಳ್ಳರನ್ನು ಹಿಡಿಯುತ್ತಲೇ ಕೂದಲು ನರೆತು, ಎಸೆಕ್ಸ್‌ನ ಈ ಜವುಗು ಸೀಮೆಯಲ್ಲಿ ನನ್ನ ಮನೆಗೆ ಬಂದು ನೆಲೆಸಿದ್ದ. ಸುತ್ತಲಿನವರು ಯಾವ ಕಷ್ಟಕ್ಕೂ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಲಾಂದ್ರ ಹಿಡಿದು ಅವನ ಹಿಂದೆ ಹೋಗುವುದು ತಂಗಿಯಾದ ನನ್ನ ಪಾಲಿನ ಕೆಲಸ.

"ನನ್ನ ಗಂಡನ್ನ ಬಿಡಿಸಿ ಅಂತ ಕೇಳೋಕೆ ಬಂದಿಲ್ಲ ಸ್ವಾಮಿ," ಎಂದಳು ಕೆಝಯಾ. "ಆ ಮನುಷ್ಯನ ಮುಖ ಇನ್ನೊಂದ್ಸಲ ನೋಡಬಹುದಾ ಬೇಡ್ವಾ, ಅಷ್ಟು ಹೇಳಿ ಸಾಕು."

ಓಣಿಯ ದೆವ್ವದ ಸುದ್ದಿ ನಮಗೂ ಗೊತ್ತಿತ್ತು. ಕುರಿ ಕದ್ದವನನ್ನೂ ಗಲ್ಲಿಗೇರಿಸುತ್ತಿದ್ದ ಕಾಲ ಅದು. ಸಂತೆಯ ದಿನ ಜೆಮ್ ರಡ್ ಜವುಗಿನಲ್ಲಿ ಜಮೀನ್ದಾರರ ಕುರಿ ಹೊಡೆದುಕೊಂಡು ಹೋಗುವುದನ್ನು ಕಂಡೆನೆಂದು ಅವರ ವಕೀಲ ವೇಲ್ ಪ್ರಮಾಣ ಮಾಡಿ ಹೇಳಿದ್ದ. ಜೆಮ್ ಗಲ್ಲಿಗೇರಿದ, ಚರ್ಚಿನ ಗೋಡೆಯಾಚೆ ಮಣ್ಣಾದ. ಆಮೇಲೆ ಮುಸ್ಸಂಜೆಯಾದರೆ ಅಲ್ಲೊಂದು ಬಿಳಿ ಆಕಾರ ಸುಳಿಯತೊಡಗಿತು. ಹೆಂಗಸರು ಆ ದಾರಿ ಬಿಟ್ಟರು, ಸಂಜೆಯ ಗಂಟೆ ಬಾರಿಸುವವನೂ ಬಿಟ್ಟ. ಆಗಿನಿಂದ ತನ್ನ ಅಣ್ಣ ಆಂಬ್ರೋಸ್‌ಗೆ ಊಟ ಸೇರುತ್ತಿರಲಿಲ್ಲ, ಸಂಜೆ ಹೇಳದೆ ಕೇಳದೆ ಎಲ್ಲಿಗೋ ಹೋಗುತ್ತಿದ್ದ ಎಂದಳು ಕೆಝಯಾ. ಜೆಮ್‌ನ ವಿಷಯವಾಗಿ ಮ್ಯಾಜಿಸ್ಟ್ರೇಟರನ್ನು ಕಾಣುತ್ತೇನೆ ಎಂದಿದ್ದನಂತೆ, ಏಕೆಂದು ಹೇಳಿರಲಿಲ್ಲ.

ಊರ ಬಂದೀಖಾನೆಯಲ್ಲಿ ಗಿಡಿಯನ್ ಗೋಡೆಗೆ ಮುಖ ಮಾಡಿಕೊಂಡೇ ಮಾತಾಡಿದ. ಹೆಂಡದಂಗಡಿಯಲ್ಲಿ ವೇಲ್ ಒಂದು ಹಳೆಯ ಮೊಕದ್ದಮೆಯ ಕತೆ ಹೇಳಿದ್ದನಂತೆ. ಹ್ಯಾಮರ್‌ಸ್ಮಿತ್‌ನಲ್ಲಿ ಯಾರೋ ಒಬ್ಬ, ಬಿಳಿ ಬಟ್ಟೆ ತೊಟ್ಟ ಗಾರೆ ಕೆಲಸದವನನ್ನು ದೆವ್ವವೆಂದು ಗುಂಡಿಟ್ಟು ಕೊಂದ. ನ್ಯಾಯಾಧೀಶರು ಕೊಲೆಯೆಂದರು, ಆದರೆ ಗಲ್ಲು ತಪ್ಪಿ ಒಂದು ವರ್ಷದ ಸಜೆಯಾಯಿತು. ಆಮೇಲೆ, ಊರಲ್ಲಿ ಗಂಡಸರೇ ಇಲ್ಲವೇ ಎಂದು ವೇಲ್ ಹಂಗಿಸಿದ್ದ. ಗಿಡಿಯನ್ ಬಾತು ಹೊಡೆಯುವ ಕೋವಿ ಹಿಡಿದು ಹೊರಟ. ಬಿಳಿಯದು ಎದುರಿಗೆ ಬಂತು, ಹೊಡೆದ. ಸದ್ದು ಚರ್ಚಿನ ಗೋಡೆಗೆ ಬಡಿದು ಇನ್ನೊಮ್ಮೆ ಕೇಳಿಸಿತು.

"ನಾನು ನಿಂತಲ್ಲೇ ಇದ್ದೆ. ವಕೀಲರು ಆ ಕಡೆಯಿಂದ ಓಡಿಬಂದ್ರು. ಅಯ್ಯೋ, ನಿನ್ನ ಹೆಂಡತಿ ಅಣ್ಣ ಕಣೋ ಅಂದ್ರು. ಕೆಸರಲ್ಲಿ ಬೋರಲು ಬಿದ್ದಿದ್ದ. ನಾನೇ ತಿರುಗಿಸಿ ನೋಡ್ದೆ."

ಜೋಸಯಾ ನನ್ನನ್ನು ಓಣಿಗೆ ಕರೆದೊಯ್ದು, ಗಿಡಿಯನ್ ನಿಂತಿದ್ದಲ್ಲಿ ನಿಲ್ಲಿಸಿ ತನ್ನ ಪಿಸ್ತೂಲು ಹಾರಿಸಲು ಹೇಳಿದ. ಸದ್ದನ್ನು ಮಂಜು ನುಂಗಿಬಿಟ್ಟಿತು, ಮರುದನಿ ಬರಲಿಲ್ಲ. ಯಾರೋ ನನ್ನ ಬೆನ್ನಿಗೇ ನಿಂತಂತಾಗಿ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಮುಂದೆ, ಆಂಬ್ರೋಸ್ ಬಿದ್ದಿದ್ದ ಕಡೆಯ ಮರದ ಕಾಂಡದಲ್ಲಿ, ಆಳೆತ್ತರಕ್ಕಿಂತ ಮೇಲೆ, ಕೋವಿಯಿಂದ ಸಿಡಿದ ಸಣ್ಣ ಚರೆಗಳು ನಾಟಿಕೊಂಡಿದ್ದವು. ಜೆಮ್‌ನ ಗೋರಿಯ ಬಳಿ ಹುಲ್ಲು ಮಂಡಿಯೂರಿದಂತೆ ಒತ್ತಿಹೋಗಿ, ಒದ್ದೆ ಹಿಟ್ಟು ಮೆತ್ತಿಕೊಂಡಿತ್ತು. ಜೋಸಯಾ ಅಲ್ಲಿಂದ ಜೆಮ್‌ನ ತಾಯಿಯ ಗುಡಿಸಲಿಗೆ ಒಬ್ಬನೇ ಹೋದ. ಆಮೇಲೆ ವೈದ್ಯರಿಗೆ, ಹೆಣದ ಗಾಯ ಬಿಡಿಸಿ ನೋಡಲೇಬೇಕೆಂದು ಹೇಳಿಕಳಿಸಿದ.

ಮರುದಿನ ಹೆಂಡದಂಗಡಿಯ ದೊಡ್ಡ ಕೋಣೆಯಲ್ಲಿ ಸಾವಿನ ವಿಚಾರಣೆ ನಡೆಯಿತು. ಊರೆಲ್ಲ ಸೇರಿತ್ತು. ಜೋಸಯಾ ಎದ್ದು ನಿಂತ.

"ದೆವ್ವ ಇರಲೇ ಇಲ್ಲ," ಎಂದ. "ದಿನಾ ಸಂಜೆ ಜೆಮ್‌ನ ಗೋರಿ ಹತ್ರ ಅಳೋಕೆ ಹೋಗ್ತಿದ್ದವನು ಆಂಬ್ರೋಸ್. ಮೈತುಂಬ ಹಿಟ್ಟು, ನೀವು ಕಂಡದ್ದು ಅವನನ್ನೇ."

ಅಳುವುದೇಕೆಂಬುದನ್ನು ಜೆಮ್‌ನ ತಾಯಿ ಹೇಳಿದಳು. ಆಂಬ್ರೋಸ್ ಅವಳ ಕಾಲು ಹಿಡಿದಿದ್ದನಂತೆ. ಸಂತೆಯ ದಿನ ವೇಲ್ ಜವುಗಿನತ್ತ ಹೋಗಿಯೇ ಇರಲಿಲ್ಲ, ಗಿರಣಿಯಲ್ಲಿ ತನ್ನೊಂದಿಗೆ ಕುಡಿಯುತ್ತ ಕೂತಿದ್ದ. ಜಮೀನ್ದಾರರ ಭಯಕ್ಕೆ ಬಾಯಿ ಮುಚ್ಚಿಕೊಂಡಿದ್ದೆ ಎಂದನಂತೆ. ಇನ್ನು ಸುಮ್ಮನಿರಲಾರೆನೆಂದು ವೇಲ್‌ಗೂ ಹೇಳಿದ್ದ.

ಸುಳ್ಳುಸಾಕ್ಷಿಯಿಂದ ಒಬ್ಬನನ್ನು ಗಲ್ಲಿಗೇರಿಸಿದ್ದು ಹೊರಬಿದ್ದರೆ ವೇಲ್‌ಗೆ ಉಳಿಗಾಲವಿಲ್ಲ. ಅದಕ್ಕೇ ಹ್ಯಾಮರ್‌ಸ್ಮಿತ್‌ನ ಕತೆ ಹೇಳಿ ಗಿಡಿಯನ್‌ನನ್ನು ಎತ್ತಿಕಟ್ಟಿದ. ಅವನ ಗುರಿ ತಪ್ಪಿದರೂ ಕೆಲಸ ಕೆಡದಂತೆ ತಾನೇ ಆಂಬ್ರೋಸ್‌ನ ಬೆನ್ನ ಹಿಂದೆ ಕಾದು ನಿಂತ ಎಂದು ಜೋಸಯಾ ವಿವರಿಸಿದ. ಗಿಡಿಯನ್‌ನ ಚರೆಗಳು ಮರದಲ್ಲಿವೆ. ಎರಡನೆಯ ಸದ್ದು ಮರುದನಿಯಲ್ಲ.

ವೈದ್ಯರು ಹೆಣದ ಬೆನ್ನಿನಿಂದ ತೆಗೆದ ಸೀಸದ ಗುಂಡನ್ನು ಮೇಜಿನ ಮೇಲಿಟ್ಟರು. ಗಾಯದ ಸುತ್ತ ಅಂಗಿ ಸುಟ್ಟಿತ್ತು, ಹತ್ತಿರದಿಂದಲೇ ಹೊಡೆದದ್ದು. ಪೇದೆ ವೇಲ್‌ನ ಮನೆಯಿಂದ ತಂದಿದ್ದ ಪಿಸ್ತೂಲಿಗೆ ಗುಂಡು ಸರಿಯಾಗಿ ಕೂತಿತು.

"ಬೋರಲು ಬಿದ್ದವನ ಮುಖ ನೋಡದೆ ಆಂಬ್ರೋಸ್ ಅಂತ ಹೇಗೆ ಗೊತ್ತಾಯ್ತು ವಕೀಲರೇ?" ಎಂದು ಕೇಳಿದ ಜೋಸಯಾ.

ವೇಲ್ ಪಿಸ್ತೂಲನ್ನು ತನ್ನಿಂದ ದೂರ ತಳ್ಳಿದ. "ಗಿಡಿಯನ್‌ಗೆ ಗಲ್ಲಾಗ್ತಿರಲಿಲ್ಲ," ಎಂದ. "ಒಂದು ವರ್ಷದ ಸಜೆ, ಅಷ್ಟೇ."

ಅವನನ್ನು ಕೈಕಟ್ಟಿ ಒಯ್ದರು. ಗಿಡಿಯನ್‌ನನ್ನು ಬಿಟ್ಟರು. ಹೊರಗೆ ಕೆಝಯಾ ಕಾಯುತ್ತಿದ್ದಳು. ಅವನು ಅವಳಿಂದ ದೂರದಲ್ಲೇ ನಿಂತ.

"ನನ್ನ ಏಟು ತಪ್ಪಿತು, ಅಷ್ಟೇ ಕಣೇ. ನಾನು ಕೊಲ್ಲೋಕೇ ಹೊಡೆದಿದ್ದು."

"ಗೊತ್ತು," ಎಂದಳು ಅವಳು. ಆದರೂ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ.

ಅವರ ಮನೆಗೆ ಇದ್ದದ್ದು ಆ ಓಣಿಯ ದಾರಿಯೊಂದೇ. ಮಂಜು ಇಳಿಯುತ್ತಿತ್ತು. ಓಣಿಯ ಬಾಯಲ್ಲಿ ಗಿಡಿಯನ್‌ನ ಕಾಲು ಮುಂದೆ ಹೋಗಲಿಲ್ಲ. ಕೆಝಯಾ ಶಾಲು ಬಿಗಿದುಕೊಂಡು ಅವನನ್ನು ದಾಟಿ ನಡೆದಳು.

"ನಾನು ಮುಂದೆ ಹೋಗ್ತೀನಿ. ನನ್ನನ್ನ ನೋಡ್ಕೊಂಡು ಬನ್ನಿ," ಎಂದಳು.