ಎಡಗಡೆಯ ಚಾಪೆ

ನಾಳೆ ಅಲ್ಲಾಹನ ಮುಂದೆ ನಿಲ್ಲಬೇಕಾದವಳು ನಾನು, ಸುಳ್ಳು ಹೇಳಲಾರೆ. ಈ ಪರದೇಶದಲ್ಲಿ, ಬೆರ್ರಿಯೆಸಾ ಬಡಾವಣೆಯ ಈ ಓಣಿಯಲ್ಲಿ ಮನೆ ಕೊಂಡಾಗಿನಿಂದ, ಇಳಿಹೊತ್ತಿನ ನಮಾಜಿನ ಕೊನೆಗೆ ಎಡಕ್ಕೆ ಮುಖ ಹೊರಳಿಸಿ ಸಲಾಂ ಹೇಳಿದಾಗಲೆಲ್ಲ ಕೆನ್ನೆಗೆ ತಣ್ಣನೆಯ ಉಸಿರು ತಾಗುತ್ತಿತ್ತು.

"ಬಿಲ್ಕೀಸ್, ಮನಿ ಮಾರಿ ಅಪಾರ್ಟ್‌ಮೆಂಟಿಗೆ ಹೋಗೂಣು," ಎಂದರು ಇದನ್ನು ಕೇಳಿ ಹೆದರಿದ ನನ್ನ ಗಂಡ ತಾಜುದ್ದೀನ್.

"ನೀವ್ ಬೇಕಾದ್ರ ಹೋಗ್ರಿ. ನಾ ಹಣಿ ಊರಿದ ಜಾಗಾ ಬಿಡಂಗಿಲ್ಲ. ಅದಕ್ಕೂ ಒಂದ್ ಚಾಪಿ ಹಾಸ್ತೀನಿ, ನಮಾಜ್ ಕಲೀಲಿ!"

ಮರುದಿನ ನನ್ನ ಎಡಕ್ಕೆ ಇನ್ನೊಂದು ನಮಾಜಿನ ಚಾಪೆಯನ್ನು ಮಕ್ಕಾದ ದಿಕ್ಕಿಗೇ ಹಾಸಿದೆ. ಸಲಾಂ ಹೇಳಿ ಹೊರಳಿದರೆ ಆ ಚಾಪೆ ನನ್ನ ಕಡೆಗೆ ತಿರುಗಿತ್ತು.

"ನನ್ನನ್ನೇನ್ ನೋಡ್ತಿ? ಆ ಅಲ್ಲಾಹನ್ ಕಡೆ ನೋಡು," ಎಂದು ಗದರಿ ನೆಟ್ಟಗೆ ಮಾಡಿದೆ.

ಇಂದಿಗೂ ದಿನಾ ನೆಟ್ಟಗೆ ಮಾಡುತ್ತೇನೆ. ಆ ಚಾಪೆಯ ಮೇಲೆ ನಮ್ಮ ಮನೆಯವರು ಯಾರೂ ಕೂತಿಲ್ಲ. ಆದರೂ ಹಣೆ ಊರುವಲ್ಲಿ ಅದರ ನೂಲು ಸವೆದಿದೆ.